ಹಳೇ ಗೇಮ್ ಸಿಡಿ ಕಾಪಿ ಮಾಡುವಾಗ ಸಂಗೀತ ಬಿಟ್ಟುಹೋಗದಿರಲಿ
ಹಳೇ ಗೇಮ್ ಸಿಡಿ ಇನ್ನೂ ಓದುತ್ತಿದ್ದರೆ ಈಗಲೇ ಕಾಪಿ ಮಾಡಿಟ್ಟುಕೊಳ್ಳಿ. ಡಿಸ್ಕ್ ಕಾಪಿ ಮಾಡುವ ಇಮ್ಗ್‌ಬರ್ನ್ ಎಂಬ ಪ್ರೋಗ್ರಾಮ್ ಉಚಿತ, ಅದೇ ಸಾಕು. ಆದರೆ ಎಲ್ಲದಕ್ಕೂ ಸುಮ್ನೆ ಐಎಸ್‌ಒ (ಡಿಸ್ಕ್‌ನ ಕಾಪಿ ಇರುವ ಒಂದೇ ಫೈಲ್) ಮಾಡಬೇಡಿ. 1996ರ ಕ್ವೇಕ್‌ನಂಥ ಗೇಮ್‌ಗಳಲ್ಲಿ ಸಂಗೀತ ಬೇರೆ ಆಡಿಯೋ ಟ್ರ್ಯಾಕ್‌ಗಳಲ್ಲಿರುತ್ತದೆ. ಐಎಸ್‌ಒ ಹಿಡಿಯುವುದು ಡೇಟಾ ಟ್ರ್ಯಾಕ್ ಮಾತ್ರ. ಗೇಮ್ ಓಡುತ್ತದೆ, ಸಂಗೀತ ಮಾಯ! ಇಂಥವಕ್ಕೆ ಬಿನ್ (ಡಿಸ್ಕ್‌ನಲ್ಲಿರುವುದೆಲ್ಲ) ಮತ್ತು ಕ್ಯೂ (ಟ್ರ್ಯಾಕ್‌ಗಳ ಪಟ್ಟಿ) ಎಂಬ ಜೋಡಿ ಫೈಲ್ ಬೇಕು. ಎರಡನ್ನೂ ಒಂದೇ ಫೋಲ್ಡರ್‌ನಲ್ಲಿಡಿ, ಹೆಸರು ಬದಲಿಸಬೇಡಿ. ಡಬ್ಬಿ ಮೇಲಿನ ಸಿಡಿ ಕೀಯ (ಇನ್‌ಸ್ಟಾಲ್ ಮಾಡುವಾಗ ಕೇಳುವ ಕೋಡ್) ಫೋಟೋವನ್ನೂ ಅಲ್ಲೇ ಹಾಕಿ. ಕೀ ಇಲ್ಲದಿದ್ದರೆ ಕಾಪಿ ಇದ್ದೂ ಏನು ಪ್ರಯೋಜನ, ಅಲ್ವಾ?

ಕಾಪಿ ತಡೆಯುವ ಸೇಫ್‌ಡಿಸ್ಕ್ ಎಂಬ ಲಾಕ್ ಇರುವ ಗೇಮ್‌ಗಳ ತಲೆನೋವು ಬೇರೆ. ಆ ಲಾಕ್‌ಗೆ ಬೇಕಾದ ಡ್ರೈವರ್‌ಗೆ ವಿಂಡೋಸ್ 10ರಲ್ಲಿ ಜಾಗವಿಲ್ಲ, ಅಸಲಿ ಡಿಸ್ಕ್ ಹಾಕಿದರೂ ಗೇಮ್ ಓಡುವುದಿಲ್ಲ. ಅಂದಹಾಗೆ, ಕೊಂಡ ಪ್ರೋಗ್ರಾಮ್ ಹಾಳಾದರೆ ಇರಲಿ ಎಂದು ಕಾಪಿ ಇಟ್ಟುಕೊಳ್ಳಲು ನಮ್ಮ ಕಾಪಿರೈಟ್ ಕಾಯ್ದೆಯ 52ನೇ ಕಲಂನಲ್ಲಿ ಅವಕಾಶವಿದೆ. ಹಂಚಲು ಇಲ್ಲ.