ಬ್ರೇಕ್ ಒತ್ತಿದರೆ ಅದುರುತ್ತಿದ್ದ ಕಾರು: ಅಳೆದು ದುರಸ್ತಿ ಮಾಡಿದ ಬಗೆ

ಬ್ರೇಕ್ ಒತ್ತಿದಾಗ ಪೆಡಲ್ ಪಾದದಡಿಯಲ್ಲಿ ಮಿಡಿಯತೊಡಗಿದರೆ ಗ್ಯಾರೇಜುಗಳಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ, ‘ಡಿಸ್ಕ್ ಬೆಂಡ್ ಆಗಿದೆ, ಲೇತ್‌ಗೆ ಹಾಕಿಸಿ’ ಎಂಬುದು. ನನ್ನ ಹ್ಯಾಚ್‌ಬ್ಯಾಕಿನ ಮುಂದಿನ ಡಿಸ್ಕುಗಳನ್ನೂ (ಚಕ್ರದೊಂದಿಗೆ ತಿರುಗುವ ಬ್ರೇಕಿನ ತಟ್ಟೆಗಳು) ಗ್ಯಾರೇಜಿನವರು ಹಾಗೆಯೇ ಲೇತ್‌ನಲ್ಲಿ ತಿರುವಿಸಿ, ಮೇಲ್ಮೈ ಕೆರೆದು ಸಮಮಾಡಿಸಿ ಕೊಟ್ಟಿದ್ದರು. ಮಳೆಗಾಲ ಮುಗಿಯುವಷ್ಟರಲ್ಲಿ ಅದುರು ಮತ್ತೆ ಶುರುವಾಯಿತು. ಬೆಳಗಾವಿಯಿಂದ ಪುಣೆಗೆ ಮರಳುವಾಗ, ಕಾತ್ರಜದ ಹೊಸ ಸುರಂಗ ದಾಟಿ ನವಲೆ ಸೇತುವೆಯವರೆಗೆ ಇಳಿಯುವ ಉದ್ದನೆಯ ಇಳಿಜಾರಿನಲ್ಲಿ ಸ್ಟಿಯರಿಂಗ್ ಕೂಡ ನಡುಗಿದ್ದರಿಂದ, ಈ ಸಲ ಅಳತೆ ಮಾಡದೆ ಯಾವ ಭಾಗವನ್ನೂ ಬದಲಿಸಬಾರದೆಂದು ನಿರ್ಧರಿಸಿದೆ. ಪುಣೆ ಬಳಿಯ ಭೋಸರಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ತಪಾಸಣೆಯ ಕೆಲಸ ಮಾಡುವ ನನಗೆ, ಮೇಲ್ಮೈಯ ಸೂಕ್ಷ್ಮ ಏರಿಳಿತ ತೋರಿಸುವ ಡಯಲ್ ಗೇಜ್ ಮತ್ತು ದಪ್ಪ ಅಳೆಯುವ ಮೈಕ್ರೋಮೀಟರ್ ನಿತ್ಯ ಬಳಕೆಯ ಉಪಕರಣಗಳು.

ಮೊದಲು ಅದುರು ಎಲ್ಲಿಯದೆಂದು ತಿಳಿಯಬೇಕು. ಚಿಕ್ಕ ಕಾರಿನ ಚಕ್ರ ಒಂದು ಸುತ್ತಿಗೆ ಸುಮಾರು 1.8 ಮೀಟರ್ ಸಾಗುತ್ತದೆ. ಆದ್ದರಿಂದ ಡಿಸ್ಕಿನ ದೋಷವಿದ್ದರೆ ಗಂಟೆಗೆ 60 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಒಂಬತ್ತರಷ್ಟು ಮಿಡಿತಗಳಾದರೆ, 20 ಕಿ.ಮೀ.ಗೆ ಇಳಿದಾಗ ಮೂರಾಗುತ್ತವೆ, ಎಣಿಸಲೂ ಬರುತ್ತದೆ. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಜಾರದಂತೆ ತಡೆಯುವ ಎಬಿಎಸ್ ಕೆಲಸ ಮಾಡುವಾಗಿನ ಮಿಡಿತ ಹೀಗೆ ವೇಗದೊಂದಿಗೆ ನಿಧಾನವಾಗುವುದಿಲ್ಲ. ಹಿಂದಿನ ಡ್ರಮ್ ಬ್ರೇಕುಗಳನ್ನು ಪರೀಕ್ಷಿಸಲು ಖಾಲಿ ರಸ್ತೆಯಲ್ಲಿ ಕಡಿಮೆ ವೇಗದಲ್ಲಿ, ಹಿಂದಿನ ಚಕ್ರಗಳನ್ನಷ್ಟೇ ಹಿಡಿಯುವ ಹ್ಯಾಂಡ್‌ಬ್ರೇಕಿನ ಗುಂಡಿಯನ್ನು ಒತ್ತಿಯೇ ಹಿಡಿದು, ಲಿವರನ್ನು ಮೆಲ್ಲನೆ ಎಳೆದೆ. ಕಾರು ನಯವಾಗಿ ನಿಂತಿತು. ಹಾಗಾಗಿ ದೋಷ ಮುಂದಿನದೇ.

ಇಲ್ಲಿ ಡಿಸ್ಕಿನ ಎರಡು ದೋಷಗಳನ್ನು ಬೇರೆಬೇರೆಯಾಗಿ ನೋಡಬೇಕು. ಡಿಸ್ಕ್ ತಿರುಗುವಾಗ ಪಕ್ಕಕ್ಕೆ ಓಲಾಡುವುದು ರನ್‌ಔಟ್; ಅದರ ದಪ್ಪ ಒಂದೊಂದು ಕಡೆ ಒಂದೊಂದು ರೀತಿ ಇರುವುದು ಇನ್ನೊಂದು ದೋಷ. ಪೆಡಲನ್ನು ಹಿಂದಕ್ಕೆ ತಳ್ಳುವುದು ಈ ಎರಡನೆಯದು: ದಪ್ಪವಾದ ಭಾಗ ಪ್ಯಾಡ್‌ಗಳ (ಡಿಸ್ಕನ್ನು ಎರಡೂ ಬದಿಯಿಂದ ಒತ್ತುವ ಬಿಲ್ಲೆಗಳ) ನಡುವೆ ಬಂದಾಗಲೆಲ್ಲ ಪ್ಯಾಡನ್ನು ತಳ್ಳುವ ಪಿಸ್ಟನ್ ಹಿಂದೆ ಸರಿದು, ಬ್ರೇಕ್ ಆಯಿಲ್‌ನ ಮೂಲಕ ಆ ಒತ್ತಡ ಕಾಲಿಗೆ ತಲುಪುತ್ತದೆ. ಆದರೆ ದಪ್ಪದ ಈ ವ್ಯತ್ಯಾಸ ಹುಟ್ಟುವುದು ಹೆಚ್ಚಾಗಿ ರನ್‌ಔಟ್‌ನಿಂದಲೇ. ಬ್ರೇಕ್ ಒತ್ತದೆ ಓಡಿಸುವಾಗಲೂ ಓಲಾಡುವ ಡಿಸ್ಕಿನ ಒಂದೇ ಜಾಗ ಪ್ರತಿ ಸುತ್ತಿಗೂ ಪ್ಯಾಡನ್ನು ಸವರುತ್ತದೆ, ಕೆಲವು ಸಾವಿರ ಕಿಲೋಮೀಟರುಗಳಲ್ಲಿ ಅಲ್ಲಿ ಸವೆತ ಕಾಣಿಸುತ್ತದೆ. ರಿಪೇರಿಯಾದ ದಿನ ಸರಿಯಿದ್ದ ಬ್ರೇಕ್ ತಿಂಗಳುಗಳ ನಂತರ ಅದುರುವುದಕ್ಕೆ ಕಾರಣ ಇದೇ. ಬೀಡುಕಬ್ಬಿಣದ ಡಿಸ್ಕ್ ನಿಜವಾಗಿ ಬೆಂಡ್ ಆಗುವುದು ಬಹಳ ಅಪರೂಪವೆಂಬುದು ನನ್ನ ಅಭಿಪ್ರಾಯ.

ಸೊಸೈಟಿಯ ಪಾರ್ಕಿಂಗ್‌ನಲ್ಲಿ ಸಮತಟ್ಟಾದ ಜಾಗ ನೋಡಿ, ಹಿಂದಿನ ಚಕ್ರಗಳಿಗೆ ಅಡೆ ಕೊಟ್ಟು, ಕಾರನ್ನು ಜಾಕ್‌ನಿಂದ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿದೆ. ಬರೀ ಜಾಕ್ ನಂಬಿ ಈ ಕೆಲಸ ಮಾಡಕೂಡದು. ಚಕ್ರವನ್ನು ಹಿಡಿದು ಅಲ್ಲಾಡಿಸಿ ಬೇರಿಂಗ್‌ನಲ್ಲಿ ಆಟವಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ, ಚಕ್ರ ಕಳಚಿ, ವಾಷರ್ ಹಾಕಿದ ನಟ್‌ಗಳಿಂದ ಡಿಸ್ಕನ್ನು ಹಬ್‌ಗೆ (ಡಿಸ್ಕ್ ಮತ್ತು ಚಕ್ರ ಕೂರುವ ಪೀಠಕ್ಕೆ) ಬಿಗಿದು, ಡಯಲ್ ಗೇಜಿನ ಮೊನೆಯನ್ನು ಡಿಸ್ಕಿನ ಹೊರ ಅಂಚಿನಿಂದ ಸುಮಾರು 10 ಮಿ.ಮೀ. ಒಳಗೆ ತಾಗಿಸಿ ಒಂದು ಪೂರ್ತಿ ಸುತ್ತು ತಿರುಗಿಸಿದೆ. ಬಲಗಡೆ 0.03 ಮಿ.ಮೀ. ಬಂದಿತು, ಎಡಗಡೆ 0.12. ಎಡ ಡಿಸ್ಕಿನ ದಪ್ಪವನ್ನು ಎಂಟು ಜಾಗಗಳಲ್ಲಿ ಅಳೆದಾಗ 0.03 ಮಿ.ಮೀ. ವ್ಯತ್ಯಾಸವಿತ್ತು. ಕೇಳಲು ಇದು ಏನೂ ಅಲ್ಲವೆನ್ನಿಸಬಹುದು, ಆದರೆ ಕಾಲಿಗೆ ಗೊತ್ತಾಗಲು ಇಷ್ಟು ಸಾಕು.

ಡಿಸ್ಕ್ ತೆಗೆದಾಗ ಮೂಲ ಕಾರಣ ಕಣ್ಣಿಗೇ ಬಿತ್ತು. ಎಡ ಹಬ್‌ನ ಮುಖದ ಮೇಲೆ, ಚಕ್ರದ ನಟ್ ಹಾಕುವ ಸ್ಟಡ್‌ಗಳ ಬುಡದಲ್ಲಿ, ತುಕ್ಕು ಹಕ್ಕಳೆಗಟ್ಟಿತ್ತು. ಡಿಸ್ಕನ್ನು ಲೇತ್‌ನಲ್ಲಿ ಎಷ್ಟೇ ನಿಖರವಾಗಿ ತಿರುವಿದರೂ, ಅದು ಕೂರುವ ಪೀಠದಲ್ಲಿ ಸಣ್ಣ ಕಣವಿದ್ದರೆ ಅಂಚಿಗೆ ಹೋಗುವಷ್ಟರಲ್ಲಿ ಆ ಓರೆ ಹಿಗ್ಗುತ್ತದೆ. ವೈರ್ ಬ್ರಷ್‌ನಿಂದಲೂ ಎಮೆರಿ ಕಾಗದದಿಂದಲೂ ಲೋಹ ಹೊಳೆಯುವವರೆಗೆ ಉಜ್ಜಿ, ಹಬ್ ಮುಖವನ್ನೇ ಅಳೆದೆ: 0.01. ಅಂದರೆ ಹಬ್ ನೆಟ್ಟಗಿದೆ, ಅದರ ಮೇಲಿದ್ದ ಕೊಳೆ ಮಾತ್ರ ಅಪರಾಧಿ.

ಹಳೆಯ ಡಿಸ್ಕನ್ನು ಉಳಿಸಬಹುದೇ ಎಂದು ಭೋಸರಿಯಲ್ಲಿ ಲೇತ್ ನಡೆಸುವ ವಿಜಯಪುರ ಕಡೆಯ ಪರಿಚಿತರೊಬ್ಬರಿಗೆ ತೋರಿಸಿದೆ. ದಪ್ಪ 16.3 ಮಿ.ಮೀ. ಉಳಿದಿತ್ತು; ಡಿಸ್ಕಿನ ಮೇಲೆ ಅಚ್ಚೊತ್ತಿದ್ದ ಕನಿಷ್ಠ ದಪ್ಪ 16. ‘ಇನ್ನೊಮ್ಮಿ ತಿರುವಿದ್ರ ಲಿಮಿಟಿಗೇ ಬರ್ತದರೀ ಸರ, ಹೊಸಾದು ಹಾಕ್ರಿ’ ಎಂದು ಕೂಲಿಯನ್ನೂ ಬಿಟ್ಟು ನಿಜ ಹೇಳಿದರು. ಡಿಸ್ಕ್‌ಗಳನ್ನೂ ಪ್ಯಾಡ್‌ಗಳನ್ನೂ ಎರಡೂ ಕಡೆಗೆ ಜೋಡಿಯಾಗಿಯೇ ಹೊಸದಾಗಿ ತಂದೆ.

ಎಡ ಕ್ಯಾಲಿಪರ್‌ನ (ಪ್ಯಾಡ್‌ಗಳನ್ನು ಹಿಡಿದು ಡಿಸ್ಕಿಗೆ ಒತ್ತುವ ಭಾಗದ) ಒಳಬದಿಯ ಪ್ಯಾಡ್ ಹೊರಬದಿಯದಕ್ಕಿಂತ ಹೆಚ್ಚು ಸವೆದಿತ್ತು. ಕ್ಯಾಲಿಪರ್ ಅತ್ತಿತ್ತ ಸರಿಯಲು ಇರುವ ಸ್ಲೈಡ್ ಪಿನ್ ಹಿಡಿದುಕೊಂಡದ್ದರ ಗುರುತು ಅದು. ಪಿನ್‌ಗಳನ್ನು ಒರೆಸಿ ಸಿಲಿಕೋನ್ ಗ್ರೀಸ್ ಸವರಿದೆ. ಸಾಮಾನ್ಯ ಗ್ರೀಸ್ ಹಾಕಿದರೆ ರಬ್ಬರ್ ಬೂಟ್ ಉಬ್ಬುತ್ತದೆ. ಈ ಹೊತ್ತೆಲ್ಲ ಕ್ಯಾಲಿಪರನ್ನು ಹೋಸ್ ಪೈಪಿನಿಂದ ಜೋತುಬಿಡದೆ ತಂತಿಯಿಂದ ಕಟ್ಟಿ ತೂಗುಹಾಕಿದ್ದೆ. ಹೊಸ ಎಡ ಡಿಸ್ಕ್ ಮೊದಲು 0.06 ತೋರಿಸಿತು, ಅದನ್ನು ತೆಗೆದು ಸ್ಟಡ್‌ನ ಒಂದು ತೂತಿನಷ್ಟು ತಿರುಗಿಸಿ ಕೂರಿಸಿದಾಗ 0.03ಕ್ಕೆ ಇಳಿಯಿತು. ಖರ್ಚಿಲ್ಲದ ಈ ಉಪಾಯವನ್ನು ಗ್ಯಾರೇಜುಗಳು ಏಕೆ ಬಳಸುವುದಿಲ್ಲವೋ ತಿಳಿಯದು. ಬಹುಶಃ ಡಯಲ್ ಗೇಜ್ ಹಚ್ಚುವಷ್ಟು ಪುರಸೊತ್ತು ಅಲ್ಲಿ ಇರುವುದಿಲ್ಲ.

ಕೆಲಸ ಮುಗಿದ ಮೇಲೆ ಕಾರನ್ನು ಹೊರಡಿಸುವ ಮುನ್ನ ಪೆಡಲ್ ಗಟ್ಟಿಯಾಗುವವರೆಗೆ ಒತ್ತಬೇಕು, ಇಲ್ಲದಿದ್ದರೆ ಮೊದಲ ಬ್ರೇಕ್ ಹತ್ತುವುದೇ ಇಲ್ಲ. ನಸುಕಿನಲ್ಲಿ ಸ್ಪೈನ್ ರೋಡ್ ಖಾಲಿಯಿದ್ದಾಗ 60ರಿಂದ 10 ಕಿ.ಮೀ.ಗೆ ಹಲವು ಬಾರಿ ಹದವಾಗಿ ವೇಗ ಇಳಿಸಿ, ಎಲ್ಲಿಯೂ ಪೂರ್ತಿ ನಿಲ್ಲಿಸದೆ ಪ್ಯಾಡ್‌ಗಳನ್ನು ಪಳಗಿಸಿದೆ. ಕಾದ ಡಿಸ್ಕಿನ ಮೇಲೆ ಪ್ಯಾಡನ್ನು ಒತ್ತಿಹಿಡಿದು ನಿಂತರೆ ಅದರ ಪದಾರ್ಥ ಒಂದೇ ಜಾಗದಲ್ಲಿ ಅಂಟಿಕೊಂಡು ಹೊಸ ಅದುರಿಗೆ ದಾರಿಯಾಗುತ್ತದೆ.

ಚಳಿಗಾಲದ ಕೊನೆಗೆ ಮತ್ತೊಮ್ಮೆ ಅಳೆದಾಗ ರನ್‌ಔಟ್ 0.03ರಲ್ಲೇ ಇತ್ತು, ದಪ್ಪದಲ್ಲಿ ವ್ಯತ್ಯಾಸ ಸಿಗಲಿಲ್ಲ. ಚಕ್ರದ ನಟ್‌ಗಳನ್ನು ಏರ್ ಗನ್‌ನಿಂದ ಏರುಪೇರಾಗಿ ಬಿಗಿದರೂ ಡಿಸ್ಕ್ ಓರೆಯಾಗಬಲ್ಲದಾದ್ದರಿಂದ, ಪಂಕ್ಚರ್ ಹಾಕಿಸಿ ಬಂದಾಗಲೆಲ್ಲ ನಾಲ್ಕನ್ನೂ ಸಡಿಲಿಸಿ, ಎದುರುಬದುರು ಕ್ರಮದಲ್ಲಿ, ಕಾರಿನ ಕೈಪಿಡಿ ಹೇಳುವ ಟಾರ್ಕ್‌ಗೆ (ಬಿಗಿತದ ಅಳತೆಗೆ) ನಾನೇ ಮರಳಿ ಬಿಗಿಯುತ್ತೇನೆ.