ಕಡಲದಂಡೆ ಉಳುವುದಕ್ಕೆ ಹೊರಟು

“ಸರ್, ಉತ್ತಾದ ಮೇಲೆ ಏನು ಬಿತ್ತುತ್ತೀರಿ?” ದಂಡೆ ಅಗಲ ಮಾಡಲು ಪೈಪಿನಿಂದ ಸುರಿದ ಹೊಸ ಮರಳನ್ನು ಮೂರಡಿ ಆಳಕ್ಕೆ ಉಳಬೇಕು ಅಂತ ನಾನು ಹೇಳಿದ ದಿನ ಸೈಟ್ ಎಂಜಿನಿಯರ್ ಕೇಳಿದ್ದು ಇದನ್ನು. ಮೀಟಿಂಗಿನಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಬಿತ್ತಿದ್ದು ಆಲಿವ್ ರಿಡ್ಲಿ ಕಡಲಾಮೆಗಳು, ಬೆಳೆಯೂ ಬಂತು. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಮೊದಲ ಸೀಸನ್ನಿನಲ್ಲಿ ನಾವೂ ಎಲ್ಲರ ಹಾಗೆ ಗೂಡು ಸ್ಥಳಾಂತರವನ್ನೇ, ಅಂದರೆ ಮೊಟ್ಟೆ ಅಗೆದು ಬೇರೆ ಕಡೆ ಹೂಳುವುದನ್ನೇ ನೆಚ್ಚಿಕೊಂಡಿದ್ದೆವು. ಕಡಲ ತಳದ ಮರಳೆತ್ತಿ ಪೈಪಿಗೆ ತಳ್ಳುವ ಡ್ರೆಜರ್ ಕೆಟ್ಟು ನಿಂತು, ಮುಗಿಯಬೇಕಿದ್ದ ಕೆಲಸ ಮೊಟ್ಟೆಯಿಡುವ ಕಾಲಕ್ಕೆ ಜಾರಿತ್ತು. ನಸುಕಿನ ಗಸ್ತು, ಪೈಪ್‌ಲೈನಿನ ಮುಂದೆ ಸಿಕ್ಕ ಗೂಡನ್ನು ಅಗೆಯುವುದು, ಬಕೆಟ್, ಬೇಲಿ. ಒಂದು ದಿನ ಗಸ್ತಿನ ಹುಡುಗರು ತಡವಾಗಿ ಹೋದರು. ಅವರು ಗೂಡು ತೆಗೆಯುವಾಗ ಬಿಸಿಲೇರಿತ್ತು. ಆಮೆ ಇಟ್ಟು ಹೋಗಿ ಹನ್ನೆರಡು ಗಂಟೆಯಾದರೂ ಆಗಿರಬೇಕು. ಭ್ರೂಣ ಚಿಪ್ಪಿಗೆ ಅಂಟಿಕೊಂಡ ಮೇಲೆ ಮೊಟ್ಟೆ ಮಗುಚಿದರೆ ಕಥೆ ಮುಗೀತು ಅನ್ನುವುದು ನಿಮಗೂ ಗೊತ್ತು, ನಮಗೂ ಗೊತ್ತಿತ್ತು. ಆದರೂ ಅವಸರದಲ್ಲಿ ಬಕೆಟ್ಟಿಗೆ ಹಾಕಿ, ಪೈಪಿನ ಮೇಲೆ ಎತ್ತಿ ದಾಟಿಸಿದರು. ನೂರಾಹತ್ತು ಚಿಲ್ಲರೆ ಮೊಟ್ಟೆಯಲ್ಲಿ ಹೊರಬಂದಿದ್ದು ಏಳು ಮರಿ. ಉಳಿದವನ್ನು ಒಡೆದು ನೋಡುತ್ತ ಕೂತ ಮಧ್ಯಾಹ್ನ ಇನ್ನೂ ಮರೆತಿಲ್ಲ. ಅಲ್ಲಿಂದಾಚೆ, ಮೊಟ್ಟೆಯ ನೆತ್ತಿಯ ಮೇಲೆ, ಭ್ರೂಣ ಅಂಟಿಕೊಂಡ ಗುರುತಾದ ಬಿಳಿ ಮಚ್ಚೆ ಕಂಡರೆ ಗೂಡು ಅಲ್ಲೇ ಇರಲಿ, ಪೈಪೇ ಸುತ್ತಿಕೊಂಡು ಹೋಗಲಿ ಅಂತ ಕೂತೆ. ಜಗಳ ಆಯಿತು, ಪೈಪ್ ಸುತ್ತಿಕೊಂಡು ಹೋಯಿತು.

ನಿಜವಾದ ಪೆಟ್ಟು ಬಿದ್ದಿದ್ದು ಡ್ರೆಜರ್ ಹೋದ ಮೇಲೆ. ದಂಡೆ ಅಗಲವಾಗಿತ್ತು, ಫೋಟೋ ಚೆನ್ನಾಗಿ ಬರುತ್ತಿತ್ತು, ಆಮೆ ಮಾತ್ರ ಮೊಟ್ಟೆಯಿಡುತ್ತಿರಲಿಲ್ಲ. ಒಂದು ಬೆಳಿಗ್ಗೆಯ ಹೆಜ್ಜೆ ನೆನಪಿದೆ. ಇಪ್ಪತ್ತು ಮೀಟರ್ ಮೇಲೆ ಬಂದಿದೆ, ಮೂರು ಕಡೆ ಗುಂಡಿ ತೋಡಲು ನೋಡಿದೆ. ಒಂದೊಂದೂ ಗೇಣುದ್ದ ಮಾತ್ರ. ತಳದಲ್ಲಿ ಬಾಚಣಿಗೆ ಎಳೆದ ಹಾಗೆ ಉಗುರಿನ ಗೀರು, ನಡುವೆ ಪುಡಿಯಾದ ಕಪ್ಪೆಚಿಪ್ಪು. ಅಲ್ಲಿಂದ ನೇರ ವಾಪಸ್. ನೀರಿನ ಜೊತೆ ಬಿದ್ದ ಮರಳು, ಅದರಲ್ಲಿ ಚಿಪ್ಪಿನ ಚೂರು ಮತ್ತು ಸಣ್ಣ ಧೂಳು, ಮೇಲೆ ದಿನವಿಡೀ ಬುಲ್ಡೋಜರ್. ಸಿಮೆಂಟಿನ ಹಾಗೆ ಕೂತಿತ್ತು. “ಒಂದು ಮಳೆಗಾಲ ಹೋಗಲಿ, ಅಲೆಯೇ ಸಡಿಲ ಮಾಡುತ್ತೆ” ಅಂದರು. ಅಲೆ ಮುಟ್ಟುವುದು ದಂಡೆಯ ಅಂಚನ್ನು. ಆಮೆ ಮೊಟ್ಟೆಯಿಡುವ ಮೇಲ್ಭಾಗಕ್ಕೆ ಅದು ಬರುವುದೇ ಅಪರೂಪ.

ಗಟ್ಟಿತನ ಅಳೆಯುವ ಕೋನ್ ಪೆನೆಟ್ರೋಮೀಟರ್ ಎರವಲು ಸಿಗುವವರೆಗೆ ಒಂದು ಕಬ್ಬಿಣದ ಸರಳಿಗೆ ಮೈಭಾರ ಬಿಟ್ಟು ಒತ್ತಿ ನೋಡುತ್ತಿದ್ದೆ. ಫ್ಲಾರಿಡಾದ ಯೋಜನೆಗಳಲ್ಲಿ ಚದರಂಗುಲಕ್ಕೆ 500 ಪೌಂಡ್ ದಾಟಿದರೆ ಉಳಬೇಕು ಅನ್ನುವ ಲೆಕ್ಕ ಬಹುಕಾಲ ನಡೆದುಬಂದಿದೆ. ನಮ್ಮದು ಕೆಲವು ಕಡೆ 700ರ ಮೇಲೆ ಓಡಿತ್ತು. ಮೊದಲು ಹೊಲ ಉಳುವ ಟ್ರ್ಯಾಕ್ಟರಿಗೆ ಡಿಸ್ಕ್ ನೇಗಿಲು ಕಟ್ಟಿ ಓಡಿಸಿದೆವು. ಅದು ಶುದ್ಧ ದಂಡ. ಮೇಲಿನ ಒಂದಡಿ ಮೆತ್ತಗಾಯಿತು, ಕೆಳಗೆ ಹಾಸುಗಲ್ಲು ಹಾಗೇ ಉಳಿಯಿತು. ಸರಳು ಸಲೀಸಾಗಿ ಇಳಿದು ಒಂದಡಿಗೆ ಠಣ್ ಅನ್ನುತ್ತಿತ್ತು. ಡೀಸೆಲ್ ಹೋಯಿತು, ಬಾಡಿಗೆ ಹೋಯಿತು, ಮಾನ ಮೊದಲೇ ಹೋಗಿತ್ತು.

ಮರುವರ್ಷ ಸೀಸನ್ನಿಗೆ ಮುಂಚೆಯೇ ದೊಡ್ಡ ಡೋಜರ್, ಹಿಂದೆ ಉದ್ದ ಹಲ್ಲಿನ ರಿಪ್ಪರ್. ಒಂದು ಸಾಲಿನ ಮೇಲೆ ಅರ್ಧ ಹತ್ತಿಸಿ ಇನ್ನೊಂದು ಸಾಲು, ಆಮೇಲೆ ಅಡ್ಡಕ್ಕೆ ಮತ್ತೊಮ್ಮೆ. ಬರೀ ಹಲ್ಲು ಮರಳನ್ನು ಸೀಳುತ್ತದೆ, ಸಡಿಲ ಮಾಡುವುದಿಲ್ಲ, ಹಿಂದೆಯೇ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಹಲ್ಲಿನ ಬುಡಕ್ಕೆ ರೆಕ್ಕೆ ಬೆಸುಗೆ ಹಾಕಿಸಿದೆವು. ರೆಕ್ಕೆ ಎಷ್ಟಗಲ, ಯಾವ ಓರೆ ಅಂತ ಮಾತ್ರ ಕೇಳಬೇಡಿ. ನಾಲ್ಕು ಹಲ್ಲು ಮುರಿದು ಕಲಿತದ್ದು ಅದು. ಕೊನೆಗೆ ಸಾಲುಗಳ ಮೇಲೆ ಭಾರದ ಸರಪಳಿ ಎಳೆಸಿ ಮಟ್ಟ ಮಾಡಿಸುವುದನ್ನು ಬಿಡಬೇಡಿ, ಇಲ್ಲದಿದ್ದರೆ ಮರಿ ಸಾಲಿಗೆ ಬಿದ್ದು ಸಾಲಿನುದ್ದಕ್ಕೂ ನಡೆಯುತ್ತದೆ, ನೀರು ಸೇರುವುದಿಲ್ಲ. ಅಲೆ ಕೊರೆದ ಮರಳುಗೋಡೆ 18 ಅಂಗುಲ ದಾಟಿ ನೂರಡಿ ಉದ್ದ ಆದರೆ ಇಳಿಸಬೇಕು ಅನ್ನುವುದೂ ಫ್ಲಾರಿಡಾ ಕಡೆಯದೇ ಲೆಕ್ಕ. ನಾನು ಅಷ್ಟು ಕಾಯಲಿಲ್ಲ, ಮೊಣಕಾಲಿಗೆ ಬರುವ ಮುಂಚೆಯೇ ಇಳಿಸಿದೆ. ಸೀಸನ್ ಶುರುವಾದ ಮೇಲೆ ಗಸ್ತು ಮುಗಿಯದೆ ಯಾವ ಯಂತ್ರದ ಕೀಲಿಯನ್ನೂ ಕೊಡಲಿಲ್ಲ.

ದುಡ್ಡಿನ ಮಾತು. ಆಮೆ ಕಾಯುವ ನಮ್ಮ ಆರು ಜನರ ಇಡೀ ಸೀಸನ್ನಿನ ಸಂಬಳ, ಡ್ರೆಜರ್ ಒಂದು ದಿನ ಸುಮ್ಮನೆ ನಿಂತರೆ ಬೀಳುವ ಖರ್ಚಿಗಿಂತ ಕಡಿಮೆ. ಆದರೂ ಉಳುಮೆಗೆ ಹಣ ಕೇಳಿದರೆ “ವನ್ಯಜೀವಿ ಬಾಬ್ತು ಖಾಲಿ” ಅನ್ನುತ್ತಿದ್ದರು. ಎರಡನೇ ಹಂತದ ಗುತ್ತಿಗೆ ಕರಾರು ಬರೆಯುವಾಗ ನಾನು ಆಮೆ ಅನ್ನುವ ಶಬ್ದವನ್ನೇ ಎತ್ತಲಿಲ್ಲ. “ಅಂತಿಮ ಮಟ್ಟ ಮತ್ತು ಸಡಿಲಿಕೆ” ಅಂತ ಸೇರಿಸಿ, ಪೆನೆಟ್ರೋಮೀಟರ್ ಪಾಸಾಗದೆ ಕೊನೆಯ ಬಿಲ್ ಇಲ್ಲ ಅಂತ ಒಂದು ಸಾಲು ಬರೆಸಿದೆ. ಅಲ್ಲಿಂದ ಮುಂದೆ ಗುತ್ತಿಗೆದಾರರೇ ದಿನಾ ಬೆಳಿಗ್ಗೆ “ಸರ್, ಇವತ್ತು ಎಷ್ಟು ಬಂತು?” ಅಂತ ಕೇಳತೊಡಗಿದರು.

ಈ ನಡುವೆ ಹೊಸ ಮರಳಿನ ಬಣ್ಣ ನನ್ನ ತಲೆ ತಿಂದಿತು. ಹಳೆಯದಕ್ಕಿಂತ ಕಪ್ಪು. ಗೂಡಿನ ಆಳಕ್ಕೆ ತಾಪಮಾಪಕ ಹೂತರೆ ಒಂದು, ಒಂದೂವರೆ ಡಿಗ್ರಿ ಹೆಚ್ಚು. ಮರಿ ಗಂಡೋ ಹೆಣ್ಣೋ ಅನ್ನುವುದು 30 ಡಿಗ್ರಿಯ ಆಸುಪಾಸಿನಲ್ಲೇ ತೀರ್ಮಾನವಾಗುವಾಗ ಒಂದೂವರೆ ಡಿಗ್ರಿ ಸಣ್ಣದಲ್ಲ, ಎಲ್ಲವೂ ಹೆಣ್ಣೇ ಆಗಬಹುದು. ಕೆಲವು ಗೂಡಿಗೆ ನೆರಳುಬಲೆ ಕಟ್ಟಿದೆ, ಕೆಲವಕ್ಕೆ ಸಂಜೆ ಸಿಹಿನೀರು ಚಿಮುಕಿಸಿದೆ. ನೆರಳಿನದು ತಣ್ಣಗಾಗಿದ್ದು ಸ್ಪಷ್ಟ. ನೀರಿನ ಪ್ರಯೋಗ ಎರಡನೇ ವಾರಕ್ಕೆ ಮಳೆ ಬಂದು ಹಾಳಾಯಿತು.

ಇನ್ನು ರೀವ, ಅಂದರೆ ಟರ್ನ್ ಹಕ್ಕಿಗಳು. ಗಿಡವಿಲ್ಲದ ಹೊಸ ಮರಳು ಅಂದರೆ ಅವಕ್ಕೆ ಹಬ್ಬ. ಉಳುಮೆ ಮುಕ್ಕಾಲು ಮುಗಿದಿತ್ತು. ಡೋಜರ್ ಆಪರೇಟರ್ ಇಳಿದು ಬಂದು, “ಅಣ್ಣಾ, ಮುಂದೆ ಹೋಗೋಕೆ ಆಗಲ್ಲ, ಕಲ್ಲು ಅಂದುಕೊಂಡೆ, ನೋಡಿದರೆ ಮೊಟ್ಟೆ” ಅಂದ. ಬರಿ ನೆಲದ ಕುಳಿಯಲ್ಲಿ ಎರಡೆರಡು, ಮರಳಿನದೇ ಚುಕ್ಕೆ ಬಣ್ಣ. ಮೊದಲೇ ಅಲ್ಲಿ ಪಟಪಟ ಅನ್ನುವ ರಿಬ್ಬನ್ ಕಟ್ಟಿದ್ದರೆ ಅವು ಕೂರುತ್ತಿರಲಿಲ್ಲ. ಅದು ನನ್ನದೇ ತಪ್ಪು. ಕಾವಿಗೆ ಮೂರು ವಾರ, ಮರಿ ಹಾರಲು ಮತ್ತಷ್ಟು. ಸುಮಾರು ಇನ್ನೂರು ಮೀಟರ್ ಪಟ್ಟಿ ಉಳದೇ ಉಳಿಯಿತು. ನನಗೆ ಹೊಟ್ಟೆಯುರಿ.

ಆದರೆ ವಾದ ಗೆದ್ದುಕೊಟ್ಟಿದ್ದು ಆ ಪಟ್ಟಿಯೇ. ಉತ್ತ ಕಡೆ ಮೇಲೆ ಬಂದ ಪ್ರತಿ ಮೂರು ಆಮೆಯಲ್ಲಿ ಎರಡು ಮೊಟ್ಟೆಯಿಟ್ಟು ಹೋದವು, ಒಟ್ಟು ಅರವತ್ತರ ಹತ್ತಿರ ಗೂಡು. ಉಳದ ಪಟ್ಟಿಗೆ ಹತ್ತು ಹನ್ನೆರಡು ಬಂದಿರಬೇಕು, ಗೂಡು ಒಂದೇ. ಸೀಸನ್ನಿನ ನಡುವೆ ಒಂದು ನಸುಕಿಗೆ ಎಂಜಿನಿಯರ್ ನನ್ನ ಜೊತೆ ನಡೆದು ಬಂದರು. ಒಂದೇ ಹೆಜ್ಜೆಸಾಲು. ಗಟ್ಟಿ ಮರಳಿಗೆ ಏರಿ, ಎರಡು ಕಡೆ ಕೆರೆದು, ನೀರಿಗೆ ಇಳಿಯದೆ ಅಡ್ಡಕ್ಕೆ ನಲವತ್ತು ಹೆಜ್ಜೆ ನಡೆದು, ಉತ್ತ ಮರಳಿನಲ್ಲಿ ಗುಂಡಿ ತೋಡಿ, ಮುಚ್ಚಿ, ಮೈಯಿಂದ ಬಡಿದು ಗಟ್ಟಿ ಮಾಡಿ ಹೋಗಿತ್ತು. ಅವರು ನನ್ನ ಕೈಯಿಂದ ಸರಳು ಇಸಿದುಕೊಂಡು ಎರಡೂ ಕಡೆ ಒತ್ತಿ ನೋಡಿದರು.