ಮಳೆಗಾಲದ ಕರಾವಳಿಯಲ್ಲಿ ಮಜ್ಜೆಯ ಸ್ಲೈಡ್ ಕೆಡದಂತೆ ಮಾಡುವುದು ಹೇಗೆ?

ಜಡಿಮಳೆಯ ಆಟಿ ತಿಂಗಳಲ್ಲಿ ಹಲಸಿನ ಹಪ್ಪಳ ಒಣಗುವುದಿಲ್ಲ. ಮಂಗಳೂರು, ಉಡುಪಿಯ ಲ್ಯಾಬ್‌ಗಳಲ್ಲಿ ಅಸ್ಥಿಮಜ್ಜೆ, ಅಂದರೆ ರಕ್ತಕಣ ಹುಟ್ಟುವ ಮೂಳೆಯ ತಿರುಳನ್ನು ತೆಳುವಾಗಿ ಹರಡಿದ ಗಾಜಿನ ಸ್ಲೈಡೂ ಆಗ ಬೇಗ ಒಣಗುವುದಿಲ್ಲ. ನಿಧಾನಕ್ಕೆ ಒಣಗಿದರೆ ಕೋಶಗಳು ಮುದುಡುತ್ತವೆ, ನ್ಯೂಕ್ಲಿಯಸ್ಸಿನ ಒಳವಿವರ ಕಲಸಿಹೋಗುತ್ತದೆ. ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್) ಹೌದೋ ಅಲ್ಲವೋ ಎಂದು ಹೇಳಲು ಬೇಕಾದದ್ದು ಆ ವಿವರವೇ.

ಆದ್ದರಿಂದ ಸೂಜಿ ಹಾಕುವ ಮೊದಲೇ ಮೇಜು ಸಿದ್ಧವಾಗಿರಲಿ: ಎಣ್ಣೆಪಸೆ ಇಲ್ಲದ ಹತ್ತು ಸ್ಲೈಡ್, ಮಜ್ಜೆ ಹರಡಲು ಅಂಚು ನಯವಾದ ಸ್ಪ್ರೆಡರ್, ಗಾಜಿನ ತಟ್ಟೆ, ತಣ್ಣನೆ ಗಾಳಿ ಬಿಡುವ ಹೇರ್ ಡ್ರೈಯರ್. ಬಿಸಿಗಾಳಿ ಬೇಡ. ಹೆಸರು, ನಂಬರ್ ಪೆನ್ಸಿಲಿನಲ್ಲಿ ಬರೆಯಿರಿ. ಪೆನ್ನಿನ ಶಾಯಿ ಮೆಥನಾಲ್‌ನಲ್ಲಿ ತೊಳೆದುಹೋಗುತ್ತದೆ.

ಸ್ಲೈಡಿಗೆ ಸೊಂಟದ ಹಿಂಬದಿಯ ಮೂಳೆಯಿಂದ ಎಳೆದ ಮೊದಲ ಪಾಲೇ ಬೇಕು, ಅದೂ 0.5 ಎಂಎಲ್ ಮೀರಬಾರದು. ಜಾಸ್ತಿ ಎಳೆದಷ್ಟೂ ರಕ್ತ ಬೆರೆತು ಮಜ್ಜೆ ತೆಳುವಾಗುತ್ತದೆ, ಬ್ಲಾಸ್ಟ್ ಕೋಶಗಳ (ಬಲಿಯದ ಎಳೆ ರಕ್ತಕೋಶಗಳ) ಪ್ರಮಾಣ ಇದ್ದುದಕ್ಕಿಂತ ಕಡಿಮೆ ಕಾಣುತ್ತದೆ. ಹೆಚ್ಚಿನ ಬಗೆಯ ಎಎಂಎಲ್‌ಗೆ (ಬೇಗ ಉಲ್ಬಣಿಸುವ ಒಂದು ಲ್ಯುಕೇಮಿಯಾ) 20% ಬ್ಲಾಸ್ಟ್ ಎಂಬುದೇ ಗೆರೆ. ಅಲ್ಲಿ ಈ ತಪ್ಪು ರೋಗಿಗೆ ದುಬಾರಿ. ಬೇರೆ ಪರೀಕ್ಷೆಗಳಿಗೆ ಬೇರೆ ಸಿರಿಂಜಿನಲ್ಲಿ ಎರಡನೇ ಪಾಲು ತೆಗೆಯಲಿ. ಫ್ಲೋ ಸೈಟೊಮೆಟ್ರಿ (ಕೋಶದ ಬಗೆ ಗುರುತಿಸುವ ಪರೀಕ್ಷೆ), ಪಿಸಿಆರ್‌ಗೆ (ಜೀನ್ ಪರೀಕ್ಷೆ) ಇಡಿಟಿಎ ಟ್ಯೂಬ್, ಕ್ರೋಮೋಸೋಮ್ ಪರೀಕ್ಷೆಗೆ ಸೋಡಿಯಂ ಹೆಪರಿನ್ ಟ್ಯೂಬ್; ಎರಡೂ ಹೆಪ್ಪುಗಟ್ಟದಂತೆ ತಡೆಯುತ್ತವೆ. ಅದಲುಬದಲು ಮಾಡಿದರೆ ಒಂದು ಕಡೆ ಹೆಪರಿನ್ ಪಿಸಿಆರ್‌ಗೆ ಅಡ್ಡಬರುತ್ತದೆ, ಇನ್ನೊಂದು ಕಡೆ ಕ್ರೋಮೋಸೋಮ್ ನೋಡಲು ಲ್ಯಾಬಿನಲ್ಲಿ ಬೆಳೆಸುವ ಕೋಶಗಳು ಇಡಿಟಿಎಯಿಂದಾಗಿ ಸರಿಯಾಗಿ ಬೆಳೆಯುವುದಿಲ್ಲ.

ಮೊದಲ ಪಾಲನ್ನು ಗಾಜಿನ ತಟ್ಟೆಗೆ ಹಾಕಿ ಓರೆಯಾಗಿ ಹಿಡಿಯಿರಿ. ರಕ್ತ ಇಳಿದುಹೋಗುತ್ತದೆ, ರವೆಯ ಕಾಳಿನಂಥ ಬೂದುಬಣ್ಣದ ಚೂರುಗಳು ಅಂಟಿ ಉಳಿಯುತ್ತವೆ. ಅವೇ ಮಜ್ಜೆ. ಕಾಣದಿದ್ದರೆ ಆಗಲೇ ವೈದ್ಯರಿಗೆ ಹೇಳಿ, ಸೂಜಿ ಇನ್ನೂ ಒಳಗಿದೆ. ಮರುದಿನ ಹೇಳಿದರೆ ರೋಗಿ ಮತ್ತೊಮ್ಮೆ ಚುಚ್ಚಿಸಿಕೊಳ್ಳಬೇಕು. ಚೂರುಗಳನ್ನು ಸ್ಲೈಡಿನ ತುದಿಯಿಂದ ಒಂದು ಸೆಂ.ಮೀ. ಒಳಗಿಟ್ಟು, ಸ್ಪ್ರೆಡರನ್ನು ಸುಮಾರು 30 ಡಿಗ್ರಿ ವಾಲಿಸಿ ಒಂದೇ ಎಳೆತಕ್ಕೆ ಹರಡಿ. ಮಜ್ಜೆ ಬೇಗ ಹೆಪ್ಪುಗಟ್ಟುತ್ತದೆ, ತಡ ಮಾಡಬೇಡಿ. ಎರಡು ಸ್ಲೈಡಿನಲ್ಲಿ ಚೂರಿನ ಮೇಲೆ ಇನ್ನೊಂದು ಸ್ಲೈಡ್ ಇಟ್ಟು ಮೆಲ್ಲಗೆ ಜಾರಿಸಿ. ಬೆರಳಿನಿಂದ ಒತ್ತಬೇಡಿ, ನ್ಯೂಕ್ಲಿಯಸ್ ಒಡೆದು ನಾರಿನಂತೆ ಹರಡುತ್ತದೆ.

ಪೂರ್ತಿ ಒಣಗಿದ ಮೇಲೆ, ಕೋಶಗಳು ಗಾಜಿಗೆ ಕಚ್ಚಿ ನಿಲ್ಲಲು ಮೆಥನಾಲ್‌ನಲ್ಲಿ 15-20 ನಿಮಿಷ ಇಡಿ. ಮೆಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಕೆಂಪು ರಕ್ತಕಣಗಳಲ್ಲಿ ಹೊಳೆಯುವ ತೂತುಗಳು ಕಂಡರೆ ಮೆಥನಾಲ್‌ಗೆ ನೀರು ಸೇರಿರುವ ಸಾಧ್ಯತೆ ಹೆಚ್ಚು. ಜಾರ್ ಖಾಲಿ ಮಾಡಿ ಹೊಸದು ತುಂಬಿ. ದೊಡ್ಡ ಬಾಟಲಿಯನ್ನು ಪದೇ ಪದೇ ತೆರೆಯದೆ, ದಿನಕ್ಕೆ ಬೇಕಾದಷ್ಟನ್ನು ಚಿಕ್ಕದಕ್ಕೆ ತೆಗೆದಿಡಿ. ಸ್ಟೇನ್ (ಬಣ್ಣದ ದ್ರಾವಣ) ತೆಳುಮಾಡಲು ಬಾವಿ ನೀರು, ನಲ್ಲಿ ನೀರು ಬೇಡ, ಪಿಎಚ್ (ಆಮ್ಲೀಯತೆಯ ಅಳತೆ) 6.8ರಲ್ಲೇ ನಿಲ್ಲುವ ಬಫರ್ ದ್ರಾವಣ ಬಳಸಿ. ಮಜ್ಜೆಗೆ ರಕ್ತದ ಸ್ಲೈಡಿಗಿಂತ ಹೆಚ್ಚು ಹೊತ್ತು ಬಣ್ಣ ಕೊಡಬೇಕು. ಚೂರುಗಳಿರುವ ಒಂದು ಸ್ಲೈಡನ್ನು ಕಬ್ಬಿಣಾಂಶ ನೋಡಲು, ಪರ್ಲ್ಸ್ ಸ್ಟೇನ್‌ಗೆಂದು ಎತ್ತಿಡಿ.

ಕುಂದಾಪುರ, ಕಾರ್ಕಳದಿಂದ ಮಣಿಪಾಲಕ್ಕೋ ಮಂಗಳೂರಿಗೋ ಕಳಿಸುವವರು ಮರೆಯಲೇಬಾರದ ಮಾತು: ಬಯಾಪ್ಸಿಗೆಂದು ತೆಗೆದ ಮೂಳೆತುಂಡು ಕೆಡದಂತೆ ಇಡುವ ಫಾರ್ಮಾಲಿನ್ ಬಾಟಲಿಯನ್ನೂ ಸ್ಲೈಡನ್ನೂ ಒಂದೇ ಡಬ್ಬಿಗೆ ಹಾಕಬೇಡಿ. ಮುಚ್ಚಳ ಬಿಗಿಯಾಗಿದ್ದರೂ ಆವಿ ಸೋರುತ್ತದೆ, ಸ್ಟೇನ್ ಆಗದ ಸ್ಲೈಡ್ ನೀಲಿಹಸಿರಿಗೆ ತಿರುಗಿ ಓದಲು ಬರುವುದಿಲ್ಲ.

ಕೆಲವೊಮ್ಮೆ ಎಷ್ಟೇ ಎಳೆದರೂ ಮಜ್ಜೆ ಬರುವುದಿಲ್ಲ. ಮಜ್ಜೆ ನಾರುಗಟ್ಟುವ ಮೈಲೊಫೈಬ್ರೋಸಿಸ್‌ನಲ್ಲಿ, ಹೇರಿ ಸೆಲ್ ಲ್ಯುಕೇಮಿಯಾದಲ್ಲಿ ಹೀಗಾಗುವುದುಂಟು. ಆಗ ಮೂಳೆತುಂಡನ್ನು ಫಾರ್ಮಾಲಿನ್‌ಗೆ ಹಾಕುವ ಮೊದಲು ಮೂರ್ನಾಲ್ಕು ಸ್ಲೈಡಿಗೆ ಹಗುರವಾಗಿ ಮುಟ್ಟಿಸಿ ಅಚ್ಚು ತೆಗೆಯಿರಿ. ಉಜ್ಜಬೇಡಿ.